ಖಾಲಿ ಕಾಣುವ ಚಿಗರಿ ದಾರಿಯನ್ನು ಕಾರುಗಳಿಗೂ ಬಿಟ್ಟರೆ ಏನಾಗುತ್ತದೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸುಗಳಿಗಾಗಿ ಕಾಯ್ದಿಟ್ಟ ದಾರಿ ಯಾವಾಗ ನೋಡಿದರೂ ಬಿಕೋ ಎನ್ನುತ್ತಿರುತ್ತದೆ. ಪಕ್ಕದಲ್ಲೇ ಕಾರು, ಬೈಕು, ಲಾರಿ, ಟಂಟಂಗಳು ಒಂದರ ಮೈಗೊಂದು ತಾಗಿಕೊಂಡು ತೆವಳುತ್ತಿರುತ್ತವೆ. ಅಷ್ಟು ಜಾಗವನ್ನು ಎಲ್ಲರಿಗೂ ಬಿಟ್ಟುಕೊಡಬಾರದೇ? ಬಸ್ಸಿಗೆ ಬೇರೆ ದಾರಿ ಮಾಡಿದ ಮಾತ್ರಕ್ಕೆ ಊರಿನಲ್ಲಿ ಕಾರು ಕಡಿಮೆಯಾಗುತ್ತದೆಯೇ?

ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಕೆಲಸ ಇರುವ ಅನೇಕರಲ್ಲಿ ನಾನೂ ಒಬ್ಬ. ನಿಮ್ಮ ಮೊದಲ ಪ್ರಶ್ನೆಯನ್ನು ಸ್ಟೇರಿಂಗ್ ಹಿಡಿದುಕೊಂಡು ನಾನೇ ಎಷ್ಟೋ ಸಲ ಕೇಳಿದ್ದೇನೆ, ಅದೂ ಇಲ್ಲಿ ಬರೆಯಲಾಗದ ಮಾತುಗಳಲ್ಲಿ. ಈಗ ವಾರದಲ್ಲಿ ಐದು ದಿನ ಬಸ್ಸಿನಲ್ಲೇ ಹೋಗಿಬರುತ್ತೇನೆ. ಆದ್ದರಿಂದ ನನ್ನ ಪಕ್ಷ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ: ಬಿಡಬಾರದು.

ದಾರಿ ಏಕೆ ಖಾಲಿ ಕಾಣುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ. ಎರಡು ನಿಮಿಷಕ್ಕೊಂದು ಬಸ್ ಇದೆ, ಅದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ ಎಂದು ಇಟ್ಟುಕೊಳ್ಳಿ. ಹಿಂದಿನ ಬಸ್ಸು ಬರುವಷ್ಟರಲ್ಲಿ ಮುಂದಿನದು 1,300 ಮೀಟರಿಗೂ ಆಚೆ ಹೋಗಿರುತ್ತದೆ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಗೊತ್ತಲ್ಲ, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಮನೆಗೆ ಬಂದ ನೆಂಟರಿಗೆಲ್ಲ ನಾವು ಹೇಳಿಕೊಳ್ಳುವ 1,507 ಮೀಟರಿನ ಪ್ಲಾಟ್‌ಫಾರ್ಮ್? ಹೆಚ್ಚುಕಡಿಮೆ ಅಷ್ಟು ಉದ್ದದ ಬರಿಯ ರಸ್ತೆ ಎರಡು ಬಸ್ಸುಗಳ ನಡುವೆ ನಿಮ್ಮ ಕಣ್ಣಿಗೆ ಬೀಳುತ್ತದೆ. ನೀವು ಜಾಮಿನಲ್ಲಿ ಸಿಕ್ಕಿಕೊಂಡಿರುವಾಗ ಆ ಎರಡು ನಿಮಿಷ ಇಪ್ಪತ್ತು ನಿಮಿಷದಂತೆ ಅನಿಸುವುದೂ ಸಹಜವೇ.

ಈಗ ಜನರನ್ನು ಎಣಿಸಿ. ಬಸ್ಸಿಗೆ 50 ಜನ ಎಂದರೂ ಗಂಟೆಗೆ 30 ಬಸ್ಸು, 1,500 ಜನ. ಅದೇ 1,500 ಜನ ಕಾರಿನಲ್ಲಿ ಹೊರಟರೆ, ಕಾರಿಗೆ ಸರಾಸರಿ ಒಂದೂವರೆ ಜನ ಎಂದು ಹಿಡಿದರೂ, ಸಾವಿರ ಕಾರು ಬೇಕು. ಸಿಗ್ನಲ್ ಇರುವ ಒಂದು ಲೇನಿನಲ್ಲಿ ಗಂಟೆಗೆ ಸಾವಿರ ಕಾರು ದಾಟಿಸುವುದು ಕಷ್ಟ. ಒಂದು ಬಸ್ಸಿನ 50 ಜನರನ್ನು 33 ಕಾರುಗಳಿಗೆ ಹಂಚಿ, ಒಂದರ ಹಿಂದೊಂದು ನಿಲ್ಲಿಸಿದರೆ ಸಾಲಿನ ಉದ್ದ 200 ಮೀಟರ್. ಆ ಸಾಲನ್ನು ನೋಡಿದವರು ‘ರಸ್ತೆ ಎಷ್ಟು ಉಪಯೋಗವಾಗುತ್ತಿದೆ’ ಎನ್ನುತ್ತಾರೆ, ಒಂದು ಬಸ್ಸು ಹಾದುಹೋದ ದಾರಿಯನ್ನು ನೋಡಿ ‘ದಂಡ’ ಎನ್ನುತ್ತಾರೆ. ನಮ್ಮ ಎರಡೂ ಊರಿನ ನಡುವಿನ ರೈಲು ಹಳಿಯೂ ದಿನದ ಹೆಚ್ಚು ಹೊತ್ತು ಖಾಲಿಯೇ ಬಿದ್ದಿರುತ್ತದೆ. ಅದರ ಮೇಲೆ ಬೈಕು ಓಡಿಸಲು ಬಿಡಿ ಎಂದು ಯಾರೂ ಮನವಿ ಕೊಟ್ಟದ್ದನ್ನು ನಾನು ಕಂಡಿಲ್ಲ.

ಬಸ್ಸುಗಳು ಅಷ್ಟು ಬೇಗಬೇಗ ಬರದೆ ಹತ್ತು ನಿಮಿಷಕ್ಕೊಂದು ಬಂದರೆ ಈ ಲೆಕ್ಕ ಕುಸಿಯುತ್ತದೆ, ನಿಜ. ಆಗ ಕೇಳಬೇಕಾದದ್ದು ಹೆಚ್ಚು ಬಸ್ಸುಗಳನ್ನು. ಹೊಟ್ಟೆ ತುಂಬಲಿಲ್ಲವೆಂದು ಅಡುಗೆಮನೆಯನ್ನೇ ಬಾಡಿಗೆಗೆ ಕೊಡುವವರುಂಟೇ?

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಸುಮಾರು 22 ಕಿಲೋಮೀಟರಿನ ಈ ದಾರಿಯಲ್ಲಿ ಬಸ್ ಓಡಲು ಶುರುವಾದದ್ದು 2018ರ ಅಕ್ಟೋಬರಿನಲ್ಲಿ, ವಿಧಿವತ್ತಾದ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲು ಸಾರಿಗೆ ಸಂಸ್ಥೆಯ ಬಸ್ಸುಗಳ ಜೊತೆ ಬೇಂದ್ರೆ ಸಾರಿಗೆಯ ಖಾಸಗಿ ಬಸ್ಸುಗಳು ಈ ರಸ್ತೆಯನ್ನು ಆಳುತ್ತಿದ್ದವು. ಕವಿಯ ಹೆಸರು ಹೊತ್ತ ಬಸ್ಸುಗಳು ಬೇರೆ ಎಲ್ಲಿವೆಯೋ! ಚಿಗರಿ ಎಂದರೆ ನಮ್ಮ ಕಡೆ ಜಿಂಕೆ. ಹೆಸರಿಗೆ ತಕ್ಕಂತೆ ಓಡಲು ಬೇಕಾದ ಏರ್ಪಾಡು ಸಣ್ಣ ಸಣ್ಣ ಸಂಗತಿಗಳಲ್ಲಿದೆ. ಟಿಕೆಟ್ಟನ್ನು ನಿಲ್ದಾಣದಲ್ಲೇ ಕೊಂಡು ಗೇಟು ದಾಟುವುದರಿಂದ ಕಂಡಕ್ಟರಿಗಾಗಿ, ಚಿಲ್ಲರೆಗಾಗಿ ಬಸ್ಸು ಕಾಯುವುದಿಲ್ಲ. ಪ್ಲಾಟ್‌ಫಾರ್ಮಿನ ನೆಲ, ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಮೊಣಕಾಲು ನೋವಿನ ಅಜ್ಜಿಯೂ ಹೊಸ್ತಿಲು ದಾಟಿದಂತೆ ಒಳಗೆ ಬರುತ್ತಾಳೆ. ನಿಲ್ದಾಣಗಳ ಬಳಿ ಹೆಚ್ಚುವರಿ ಲೇನ್ ಇರುವುದರಿಂದ, ನಿಂತ ಬಸ್ಸನ್ನು ದಾಟಿ ಎಕ್ಸ್‌ಪ್ರೆಸ್ ಬಸ್ಸು ಮುಂದೆ ಹೋಗಬಹುದು. ಈ ದಾರಿಯೊಳಗೆ ಕಾರು ಬಿಟ್ಟರೆ ಮೊದಲು ಸಾಯುವುದು ಈ ಏರ್ಪಾಡೇ. ನಿಲ್ದಾಣದಲ್ಲಿ ಬಸ್ಸು ನಿಂತರೆ ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಾನೆ, ಪಕ್ಕದ ಲೇನಿಗೆ ನುಗ್ಗುತ್ತಾನೆ, ಎಕ್ಸ್‌ಪ್ರೆಸ್ ಬಸ್ಸು ಅವನ ಹಿಂದೆ ಸಿಕ್ಕಿಕೊಳ್ಳುತ್ತದೆ. ಮೊದಲ ಕೆಲವು ತಿಂಗಳು ಕಾರಿನವರಿಗೆ ಸುಖ. ಆಮೇಲೆ ಬಸ್ಸು ತಡವಾಗಿ, ಬಸ್ಸಿನ ಜನರೂ ಬೈಕು ಕೊಂಡು, ಎರಡೂ ದಾರಿಗಳು ಒಂದೇ ಸಮನೆ ತುಂಬಿಕೊಳ್ಳುತ್ತವೆ.

ಇದು ನನ್ನ ಕಲ್ಪನೆಯ ಭಯವೆಂದು ತಳ್ಳಿಹಾಕಬೇಡಿ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ ಬಸ್ ಕಾರಿಡಾರ್ ತೆರೆದರು. ಅದನ್ನು ಪ್ರಶ್ನಿಸಿದವರ ಅರ್ಜಿಯನ್ನು ಹೈಕೋರ್ಟ್ 2012ರಲ್ಲಿ ವಜಾ ಮಾಡಿತು. ಆದರೂ ಕಾರಿನವರ ಸಿಟ್ಟು ತಣಿಯಲಿಲ್ಲ, 2016ರಲ್ಲಿ ಅದನ್ನು ಒಡೆದು ಹಾಕಿದರು. ಆ ಕಾರಿಡಾರಿನಲ್ಲಿ ಹುಳುಕುಗಳಿದ್ದವು. ಯಾವ ಬಸ್ಸು ಬೇಕಾದರೂ ಒಳಗೆ ಬರಬಹುದಿತ್ತು, ನಿಲ್ದಾಣಗಳು ಸಿಗ್ನಲ್‌ಗಳ ಹತ್ತಿರವೇ ಇದ್ದು ಬಸ್ಸುಗಳೇ ಸಾಲುಗಟ್ಟುತ್ತಿದ್ದವು. ಅಹಮದಾಬಾದಿನವರು 2009ರಲ್ಲಿ ಜನಮಾರ್ಗ ಶುರು ಮಾಡಿದಾಗ ತಮ್ಮದೇ ಬಸ್ಸು, ತಮ್ಮದೇ ನಿಲ್ದಾಣ ಎಂಬ ಮುಚ್ಚಿದ ವ್ಯವಸ್ಥೆ ಮಾಡಿಕೊಂಡರು. ನಮ್ಮದೂ ಅದೇ ಜಾತಿಯದು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2019ರಲ್ಲಿ ಕಂಬಗಳನ್ನು ನೆಟ್ಟು ಬಸ್ ಲೇನ್ ಮಾಡಿದ್ದರು. ಮೆಟ್ರೊ ಕಾಮಗಾರಿ ಬಂದಾಗ ಅದು ಹೇಳಹೆಸರಿಲ್ಲದಂತೆ ಹೋಯಿತು. ಹೀಗಾಗಿ ರಾಜ್ಯದಲ್ಲಿ ಬಸ್ಸಿಗೆಂದೇ ಪೂರ್ತಿ ದಾರಿ ಬಿಟ್ಟ ದೊಡ್ಡ ಪ್ರಯೋಗವೆಂದರೆ ನಮ್ಮೂರಿನದೇ. ಅದಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಹಟ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಾನು ಕಾರು ಬಿಟ್ಟದ್ದು ಪರಿಸರ ಪ್ರೇಮದಿಂದ ಎಂದು ಹೇಳಿಕೊಂಡರೆ ಮನೆಯವರು ನಗುತ್ತಾರೆ. ಒಂದು ಆಷಾಢದ ಬೆಳಿಗ್ಗೆ ಜಿಟಿಜಿಟಿ ಮಳೆ, ಉಣಕಲ್ ಹತ್ತಿರ ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಚಿಗರಿ ಸರ್ರನೆ ಹೋಯಿತು. ಕಿಟಕಿಗೆ ಒರಗಿ ನಮ್ಮ ಕಚೇರಿಯ ಕಿರಿಯ ಗುಮಾಸ್ತ ನಿಂತಿದ್ದ, ನನ್ನನ್ನು ಕಂಡು ಕೈ ಬೀಸಿದ. ನಾನು ಕಚೇರಿ ಮುಟ್ಟುವಷ್ಟರಲ್ಲಿ ಅವನ ಚಹಾ ಮುಗಿದು, ಎರಡು ಕಡತಗಳೂ ಮುಗಿದಿದ್ದವು. “ಸರ್, ಕಾರು ಕೆಟ್ಟಿತ್ತೇನು?” ಎಂದು ಬಹಳ ಕಳಕಳಿಯಿಂದ ಕೇಳಿದ. ಮರುವಾರ ನಾನೂ ಬಸ್ಸು ಹತ್ತಿದೆ. ಜನರನ್ನು ಕಾರಿನಿಂದ ಇಳಿಸುವುದು ಬೋಧನೆಯಿಂದ ಆಗದು, ಪಕ್ಕದವನು ನಮಗಿಂತ ಮೊದಲು ಮುಟ್ಟುವುದರಿಂದ ಆಗುತ್ತದೆ ಎಂಬುದು ನನ್ನ ಅನುಭವ. ಎಲ್ಲರಿಗೂ ದಾರಿ ಬಿಟ್ಟುಕೊಟ್ಟ ದಿನ ಆ ಗುಮಾಸ್ತ ನನಗಿಂತ ಮೊದಲು ಮುಟ್ಟುವುದಿಲ್ಲ, ನಾನು ಕಾರಿನಿಂದ ಇಳಿಯುವುದೂ ಇಲ್ಲ.

ಆದರೆ ಬರಿಯ ದಾರಿಯೊಂದರಿಂದಲೇ ಕಾರು ಕಡಿಮೆಯಾಗುತ್ತದೆ ಎಂದು ನಾನು ವಾದಿಸುವುದಿಲ್ಲ. ಚಿಗರಿ ಬೆನ್ನುಮೂಳೆ ಇದ್ದಂತೆ, ಪಕ್ಕೆಲುಬುಗಳು ಇನ್ನೂ ಸರಿಯಾಗಿ ಮೂಡಿಲ್ಲ. ಕಿಮ್ಸ್ ಆಸ್ಪತ್ರೆಗೆ ಹೋಗುವ ರೋಗಿಗೆ, ವಿದ್ಯಾನಗರದ ಕಾಲೇಜಿನ ವಿದ್ಯಾರ್ಥಿಗೆ ಅದು ಬಾಗಿಲಿಗೇ ಬಂದಂತೆ. ಗೋಕುಲ ರಸ್ತೆಯ ಒಳಗಿನ ಬಡಾವಣೆಯವರಿಗೆ, ಧಾರವಾಡದ ಕೆಲಗೇರಿ ಕಡೆಯವರಿಗೆ ಹಾಗಿಲ್ಲ. ರಾತ್ರಿ ಎಂಟರ ಮೇಲೆ ಜುಬಿಲಿ ಸರ್ಕಲ್ಲಿನಲ್ಲಿ ಇಳಿದರೆ ಮನೆಗೆ ಕೊನೆಯ ಮೂರು ಕಿಲೋಮೀಟರಿಗೆ ಆಟೋದವರು ಕೇಳುವ ಹಣ, ಹುಬ್ಬಳ್ಳಿಯಿಂದ ಬಂದ ಟಿಕೆಟ್ಟಿಗಿಂತ ಹೆಚ್ಚು. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲುಗಳನ್ನು ಶುರು ಮಾಡಿದಾಗ 450 ಸೈಕಲ್, 48 ಕೇಂದ್ರಗಳಿದ್ದವು. ಧಾರವಾಡದ ಏರಿಳಿತಕ್ಕೆ ಪೆಡಲ್ ತುಳಿಯುವುದು ಅಷ್ಟು ಸುಲಭವಿಲ್ಲ, ಬ್ಯಾಟರಿ ಸೈಕಲ್ಲು ಬೇಕಾದೀತು. ನನ್ನನ್ನು ಕೇಳಿದರೆ, ಹತ್ತು ನಿಮಿಷಕ್ಕೊಂದು ಸಣ್ಣ ಬಸ್ಸು ಬಡಾವಣೆಗಳನ್ನು ಸುತ್ತಿ ನಿಲ್ದಾಣಕ್ಕೆ ತಂದುಬಿಟ್ಟರೆ, ಅದೂ ಒಂದೇ ಟಿಕೆಟ್ಟಿನಲ್ಲಿ, ಬೇರೇನೂ ಬೇಡ.

ಟೀಕಿಸುವವರ ಮಾತಿನಲ್ಲೂ ಹುರುಳಿದೆ. ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇರುವುದರಿಂದ ಬಸ್ಸಿಗೆ ಹೋಗುವವರೆಲ್ಲ ಅರ್ಧ ರಸ್ತೆ ದಾಟಲೇಬೇಕು. ಕಾಲುದಾರಿ, ದಾಟುವ ಜಾಗ, ಸಿಗ್ನಲ್ ಸರಿ ಇಲ್ಲದಿದ್ದರೆ ವಯಸ್ಸಾದವರು ಹೆದರಿ ಮನೆಯಲ್ಲೇ ಉಳಿಯುತ್ತಾರೆ, ಇಲ್ಲವೇ ಮಗನ ಕಾರಿಗೆ ಕಾಯುತ್ತಾರೆ. ರಸ್ತೆ ಅಗಲ ಮಾಡುವಾಗ ಕಡಿದ ಮರಗಳ ನೆನಪು ಹಳೆಯ ಧಾರವಾಡದವರಿಗೆ ಇನ್ನೂ ಚುಚ್ಚುತ್ತದೆ, ನನಗೂ. ಟೋಲ್ ನಾಕಾದ ಬಳಿ ನಿಲ್ಲುವ ಮಳೆನೀರಿನ ಕಥೆಯನ್ನು ನಾನು ಹೇಳಬೇಕಾಗಿಲ್ಲ, ಮಳೆಗಾಲದ ಪತ್ರಿಕೆಗಳೇ ಹೇಳುತ್ತವೆ. ಇವೆಲ್ಲವನ್ನೂ ಸರಿಪಡಿಸಬಹುದು. ಬಸ್ಸಿನ ದಾರಿಯೊಳಗೆ ಒಮ್ಮೆ ಕಾರು ಬಿಟ್ಟರೆ ಮತ್ತೆ ಹೊರಗೆ ಹಾಕುವ ಧೈರ್ಯ ಯಾವ ಜನಪ್ರತಿನಿಧಿಗೂ ಬರಲಿಕ್ಕಿಲ್ಲ.

ಇನ್ನೊಂದು ಮಾತು, ಇದನ್ನು ಹೇಳಿದರೆ ನನ್ನ ಗೆಳೆಯರೇ ಜಗಳಕ್ಕೆ ಬರುತ್ತಾರೆ. ಪೇಟೆಯ ರಸ್ತೆಯ ಮೇಲೆ ಒಂಬತ್ತು ಗಂಟೆ ಕಾರು ನಿಲ್ಲಿಸಲು ನಾನು ಒಂದು ಪೈಸೆಯನ್ನೂ ಕೊಡುತ್ತಿರಲಿಲ್ಲ. ಅಷ್ಟೇ ಜಾಗದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು ಸಂತೆಕರ ಕೊಡಬೇಕು. ಕಾರು ನಿಲ್ಲಿಸುವುದಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಹಾಕಿ, ಆ ಹಣದಲ್ಲಿ ಮೇಲೆ ಹೇಳಿದ ಸಣ್ಣ ಬಸ್ಸುಗಳನ್ನು ಓಡಿಸಿದರೆ ನನಗಂತೂ ತಕರಾರಿಲ್ಲ.

ಹಾಗಾದರೆ ನಿಮ್ಮ ಕಾರು ಮಾರಿದಿರಾ ಎಂದು ಕೇಳುತ್ತೀರಿ. ಇಲ್ಲ. ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯಲು, ಹಬ್ಬಕ್ಕೆ ಊರಿಗೆ ಹೋಗಲು ಅದು ಬೇಕು. ಉಳಿದ ದಿನ ಅಂಗಳದಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ಕಳೆದ ದೀಪಾವಳಿಗೆ ಹೊರಡಬೇಕೆಂದಾಗ ಬ್ಯಾಟರಿ ಸತ್ತಿತ್ತು. ಮೆಕ್ಯಾನಿಕ್ ಬಂದವನು ಹೊಸ ಬ್ಯಾಟರಿ ಹಾಕಿ, “ವಾರಕ್ಕೊಮ್ಮೆಯಾದರೂ ಓಡಿಸಿರಿ ಸರ್” ಎಂದು ಬುದ್ಧಿ ಹೇಳಿ ಹೋದ. ಅಂದಿನಿಂದ ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೋಗಿ ಲೈನ್ ಬಜಾರಿನಿಂದ ಪೇಢೆ ತರುತ್ತೇನೆ.