ಕೋವಿಡ್ ಕಾಲದಲ್ಲಿ ವೈದ್ಯರ ಮನಸ್ಸು ಬತ್ತಿದ್ದು ಹೇಗೆ, ಚೇತರಿಸಿಕೊಂಡಿದ್ದು ಹೇಗೆ?

ನಿಮ್ಮ ತಂಗಿ ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ಸಿಗೆ, ಅಂದರೆ ಆಸ್ಪತ್ರೆಯ ತರಬೇತಿ ಕೆಲಸಕ್ಕೆ, ಸೇರುತ್ತಿದ್ದಾಳೆ ಎಂದು ತಿಳಿಸಿ, ಕೋವಿಡ್ ಕಾಲದಲ್ಲಿ ವೈದ್ಯರು ಮನಸ್ಸು ಬತ್ತದಂತೆ ಹೇಗೆ ನೋಡಿಕೊಂಡರು, ಅಂತಹ ಸ್ಥೈರ್ಯವನ್ನು ಮೊದಲೇ ಬೆಳೆಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. 2020 ಮತ್ತು 2021ರಲ್ಲಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದವನು ನಾನು. ಮನಸ್ಸು ಬತ್ತದಂತೆ ನೋಡಿಕೊಳ್ಳುವುದು ನನ್ನಿಂದ ಆಗಲಿಲ್ಲ. ಆದ್ದರಿಂದ ಅದು ಬತ್ತಿದ ಬಗೆಯನ್ನೂ ಚೇತರಿಸಿಕೊಂಡ ಬಗೆಯನ್ನೂ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ರೋಗಗಳ ವರ್ಗೀಕರಣವನ್ನು ಪರಿಷ್ಕರಿಸಿದಾಗ, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ಬರ್ನ್‌ಔಟ್ ಅನ್ನು, ಅಂದರೆ ಹೀಗೆ ಮನಸ್ಸು ಬತ್ತುವುದನ್ನು, ವಿವರಿಸಿ, ಅದನ್ನು ಕಾಯಿಲೆಗಳ ಸಾಲಿನಿಂದ ಹೊರಗಿಟ್ಟಿತು. ಶಕ್ತಿಯೆಲ್ಲ ಸೋರಿಹೋದಂತಹ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಪ್ರಯೋಜನವಾಗುತ್ತಿಲ್ಲ ಎಂಬ ಭಾವನೆ, ಇವು ಅದರ ಮೂರು ಲಕ್ಷಣಗಳು. ಮೊದಲನೆಯದನ್ನು ಯಾವ ವೈದ್ಯರೂ ಗುರುತಿಸಿಕೊಳ್ಳುತ್ತಾರೆ. ಎರಡನೆಯದು ಮಾತ್ರ ಅನುಭವಿಸುವವರಿಗೆ ಕಾಣುವುದಿಲ್ಲ, ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ.

ನನ್ನ ವಿಷಯದಲ್ಲಿ ಅದನ್ನು ಕಂಡವರು ನಮ್ಮ ವಾರ್ಡಿನ ಹಿರಿಯ ಸಿಸ್ಟರ್. 2021ರ ಮೇ ತಿಂಗಳ ಒಂದು ಬೆಳಗಿನ ಜಾವ, ರೋಗಿಯೊಬ್ಬರು ತೀರಿಕೊಂಡ ಸುದ್ದಿಯನ್ನು ಅವರ ಮಗನಿಗೆ ಫೋನಿನಲ್ಲಿ ತಿಳಿಸಿ, ಮುಂದಿನ ಕೇಸ್ ಶೀಟ್ ತೆಗೆದುಕೊಂಡೆ. ಆಗ ಸಿಸ್ಟರ್ ಮೆಲ್ಲಗೆ, "ಡಾಕ್ಟ್ರೇ, ಆ ಹುಡುಗನಿಗೆ ನೀವು ಹೇಳಿದ್ದು ಲೋಡ್ ಬಂತು ಅಂತ ಹೇಳ್ದಂಗಿತ್ತು" ಎಂದರು. ನಾನು ಸಿಟ್ಟಾಗಲಿಲ್ಲ, ಅಳು ಕೂಡ ಬರಲಿಲ್ಲ. ಏನೂ ಅನ್ನಿಸಲಿಲ್ಲವೆಂಬುದೇ ಆಮೇಲೆ ನನ್ನನ್ನು ಹೆದರಿಸಿತು.

ಹಾಗಾಗಲು ನಿದ್ದೆಗೇಡು, ಪಿಪಿಇ ಕಿಟ್ಟಿನೊಳಗಿನ ಸೆಕೆ, ಸೋಂಕು ತಗುಲೀತೆಂದು ಮನೆಯವರಿಂದ ದೂರ ಮಲಗಿದ್ದು, ಎಲ್ಲವೂ ಕಾರಣಗಳೇ. ಆದರೆ ನನ್ನನ್ನು ಹೆಚ್ಚು ತಿಂದದ್ದು ಆಮ್ಲಜನಕದ ಲೆಕ್ಕ. ಒಂದು ಜಂಬೊ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಮಾಸ್ಕಿನಲ್ಲಿರುವ ಒಬ್ಬ ರೋಗಿಗೆ ಅದು ಹನ್ನೊಂದು ಗಂಟೆಗೂ ಮೀರಿ ಬರುತ್ತದೆ. ಅದೇ ಸಿಲಿಂಡರ್, ನಿಮಿಷಕ್ಕೆ 60 ಲೀಟರ್ ಹರಿಸುವ ಹೈ ಫ್ಲೋ ಯಂತ್ರದಲ್ಲಿರುವ ರೋಗಿಗೆ ಎರಡು ಗಂಟೆಯೂ ಸಾಲುವುದಿಲ್ಲ. ರಾತ್ರಿ ಒಂದು ಗಂಟೆಗೆ ತುಂಬಿದ ಸಿಲಿಂಡರುಗಳನ್ನು ಎಣಿಸಿ, ಸಿಲಿಂಡರ್ ಗಾಡಿ ಬೆಳಗ್ಗೆಗೆ ಮೊದಲು ಬರುವುದಿಲ್ಲವೆಂದು ಗೊತ್ತಿದ್ದಾಗ, ಯಾರಿಗೆ ಎಷ್ಟು ಎಂಬ ಲೆಕ್ಕವನ್ನು ಯಾರೋ ಹಾಕಲೇಬೇಕಿತ್ತು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಏರಲೆಂದು ರೋಗಿಗಳನ್ನು ಬೋರಲು ಮಲಗಿಸಿ, ಒಂದೊಂದು ಲೀಟರ್ ಇಳಿಸಿ ನೋಡಿ, ಮತ್ತೆ ಏರಿಸಿ ರಾತ್ರಿ ಕಳೆಯುತ್ತಿದ್ದೆವು. ಮಾಡಬೇಕಾದದ್ದು ಏನೆಂದು ತಿಳಿದಿದ್ದೂ ಮಾಡಲು ಕೈಯಲ್ಲಿ ಏನೂ ಇಲ್ಲದೆ ನಿಲ್ಲುವಾಗ ಆಗುವ ಗಾಯವೇ ಬೇರೆ. ದಣಿವಾದರೆ ಮಲಗಿ ಎದ್ದಾಗ ಸ್ವಲ್ಪವಾದರೂ ಇಳಿಯುತ್ತದೆ, ಇದು ಎದ್ದ ಮೇಲೂ ಹಾಗೆಯೇ ಇರುತ್ತಿತ್ತು. ಅಮೆರಿಕದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ಸೈನಿಕರ ಬಗ್ಗೆ ಬರೆಯುವಾಗ ಇಂಥದ್ದನ್ನು ನೈತಿಕ ಗಾಯ ಎಂಬ ಅರ್ಥದ ಮಾತಿನಿಂದ ಕರೆದಿದ್ದರು. ಆ ಮಾತು ತಿಳಿದ ಮೇಲೆ ನನ್ನದು ಹೇಡಿತನವಲ್ಲವೆಂದು ಒಪ್ಪಿಕೊಳ್ಳಲು ನನಗೆ ಸಾಧ್ಯವಾಯಿತು.

ಸಿಸ್ಟರ್ ಹೇಳಿದ ಮಾತನ್ನು ನಾನು ನಮ್ಮ ಆಡಳಿತ ವೈದ್ಯಾಧಿಕಾರಿಗಳ ಮುಂದಿಟ್ಟೆ. ಅವರು ಧೈರ್ಯ ತಂದುಕೊಳ್ಳಿ ಎಂದು ಉಪದೇಶಿಸದೆ ಡ್ಯೂಟಿ ಪಟ್ಟಿಯನ್ನು ಬದಲಿಸಿದರು, ಅದಕ್ಕಾಗಿ ನಾನು ಅವರಿಗೆ ಇಂದಿಗೂ ಋಣಿ. ದಂತವೈದ್ಯರೂ ಆಯುಷ್ ವೈದ್ಯರೂ ಹೊರಗಿನ ತಪಾಸಣೆಯನ್ನು ವಹಿಸಿಕೊಂಡರು, ನಮ್ಮ 24 ಗಂಟೆಯ ಡ್ಯೂಟಿ 8 ಗಂಟೆಗೆ ಇಳಿಯಿತು. ಆಮ್ಲಜನಕದ ಲೆಕ್ಕ ನೋಡಿದವರು ಆ ದಿನ ಸಾವಿನ ಸುದ್ದಿಯ ಕರೆ ಮಾಡಬಾರದೆಂದು ನಿಯಮವಾಯಿತು. ಪಾಳಿ ಬದಲಾಗುವಾಗ ಹತ್ತು ನಿಮಿಷ ಕುಳಿತು, ತೀರಿಕೊಂಡವರ ಹೆಸರನ್ನೂ ಗುಣವಾಗಿ ಮನೆಗೆ ಹೋದವರ ಹೆಸರನ್ನೂ ಹೇಳುತ್ತಿದ್ದೆವು. ಬೋರಲು ಮಲಗಿಯೇ ಗುಣವಾದ ಅಜ್ಜಿಯೊಬ್ಬರು ಹೊರಡುವ ದಿನ ಗ್ರೂಪ್ ಡಿ ನೌಕರರೆಲ್ಲ ಬಾಗಿಲಿಗೆ ಬಂದಿದ್ದು ನನಗೆ ತಿಳಿದದ್ದೇ ಆ ಹತ್ತು ನಿಮಿಷದಲ್ಲಿ.

ಇಷ್ಟಾದರೂ ಎರಡನೇ ಅಲೆ ಇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಊರಿನಲ್ಲಿ ಗುರುತಿನವರು ನೋಡಿಯಾರೆಂಬ ಸಂಕೋಚದಿಂದ 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಮನೋವೈದ್ಯರನ್ನು ಕಂಡೆ. ಆ ಸಂಕೋಚದಲ್ಲಿ ನಾಲ್ಕು ತಿಂಗಳು ಕಳೆದಿದ್ದೆ. ಅವರು ಬರ್ನ್‌ಔಟ್ ದಾಟಿ ಖಿನ್ನತೆ ಶುರುವಾಗಿದೆ ಎಂದು ಗುರುತಿಸಿ ಚಿಕಿತ್ಸೆ ಕೊಟ್ಟರು. ರಜೆಯೊಂದರಿಂದಲೇ ಸರಿಹೋಗುತ್ತದೆಂದು ನಾನು ಕಾಯುತ್ತಿದ್ದುದು ತಪ್ಪಾಗಿತ್ತು. ಈಗ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರಿಗೂ ಅದು ಮುಕ್ತ.

ಆದ್ದರಿಂದ ನಿಮ್ಮ ತಂಗಿಗೆ ಸ್ಥೈರ್ಯ ಬೆಳೆಸಿಕೊ ಎಂದು ಹೇಳುವುದಕ್ಕೆ ಮೊದಲು, ನೀನು ಕಾಯಿಲೆ ಬಿದ್ದರೆ ನಿನ್ನ ಡ್ಯೂಟಿ ಯಾರು ನೋಡುತ್ತಾರೆ ಎಂದು ಸೇರಿದ ದಿನವೇ ವಿಭಾಗದಲ್ಲಿ ಕೇಳಲು ಹೇಳಿ. ತನ್ನ ಧ್ವನಿ ಬದಲಾದರೆ ಮುಖದ ಮೇಲೆ ಹೇಳುವಂತಹ ಒಬ್ಬ ಸಿಸ್ಟರನ್ನೋ ಸಹಪಾಠಿಯನ್ನೋ ಅವಳು ಹತ್ತಿರ ಇಟ್ಟುಕೊಳ್ಳಲಿ. ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ನೀವು ಏನನ್ನೂ ವಿಚಾರಿಸದೆ ಬಿಸಿ ಊಟ ಬಡಿಸಿ, ಅವಳಾಗಿಯೇ ಮಾತು ತೆಗೆದರೆ ಕೈಯಲ್ಲಿರುವ ಕೆಲಸ ಬಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ.