ಸೀರೆಯ ಫೋಟೊ ಕೊಟ್ಟರೆ ಕೆಲವು ಎಐ ಅದನ್ನು ಇನ್ನೇನೋ ಎಂದು ಖಚಿತವಾಗಿ ಹೇಳುವುದೇಕೆ?

ಅಂಥ ಎಐ ಗುರುತಿಸಬಲ್ಲ ವಸ್ತುಗಳ ಪಟ್ಟಿಯಲ್ಲಿ ಸೀರೆ ಇಲ್ಲ, 'ಗೊತ್ತಿಲ್ಲ' ಎನ್ನುವ ಆಯ್ಕೆಯೂ ಇಲ್ಲ. ಚಿತ್ರ ಗುರುತಿಸುವ ಎಷ್ಟೋ ಎಐ ಮಾದರಿಗಳು ಇಮೇಜ್‌ನೆಟ್ ಎಂಬ, ಹೆಸರು ಹಚ್ಚಿದ ಫೋಟೊಗಳ ಸಂಗ್ರಹದ 1000 ವರ್ಗಗಳ ಮೇಲೆ ಕಲಿತಂಥವು. ಅದರಲ್ಲಿ ನಾಯಿ ತಳಿಗಳೇ ಹತ್ತಿರ ಹತ್ತಿರ 120. ಜಪಾನಿನ ಕಿಮೋನೊ, ಸೊಂಟಕ್ಕೆ ಸುತ್ತಿಕೊಳ್ಳುವ ಸರೋಂಗ್ ಇವೆ, ಸೀರೆ ಇಲ್ಲ. (ಪಟ್ಟಿ ಮಾಡಿದವರ ಲೋಕ ಎಂಥದ್ದೆಂದು ಇದರಿಂದಲೇ ಗೊತ್ತಾಗುತ್ತದೆ.)

ಮಾದರಿ ಫೋಟೊವನ್ನು ಸಾಮಾನ್ಯವಾಗಿ 224×224 ಪಿಕ್ಸೆಲ್‌ಗೆ ಕುಗ್ಗಿಸಿಕೊಂಡು, ಅಂಚು, ಬಣ್ಣ, ನೇಯ್ಗೆಯಂಥ ಲಕ್ಷಣ ನೋಡಿ ಸಾವಿರ ವರ್ಗಗಳಿಗೂ ಒಂದೊಂದು ಅಂಕ ಕೊಡುತ್ತದೆ. ಕೊನೆಯಲ್ಲಿ ಸಾಫ್ಟ್‌ಮ್ಯಾಕ್ಸ್ ಎಂಬ ಲೆಕ್ಕ ಆ ಅಂಕಗಳನ್ನು ಒಟ್ಟು ಶೇ 100 ಆಗುವಂತೆ ಹಂಚುತ್ತದೆ. ಹಾಗಾಗಿ ಎಲ್ಲವೂ ತಪ್ಪಾಗಿದ್ದರೂ ಯಾವುದೋ ಒಂದು ಮೇಲೆ ಬರಲೇಬೇಕು. 'ಸರೋಂಗ್, ಶೇ 80' ಎಂದು ತೋರಿಸಿದರೆ ಅದು ಖಾತರಿಯಲ್ಲ. ಉಳಿದ 999ಕ್ಕಿಂತ ಇದೇ ಹತ್ತಿರ ಎಂದಷ್ಟೇ ಅರ್ಥ.

ಸರಿಪಡಿಸುವುದು ಕಷ್ಟವಲ್ಲ. ಸೀರೆಯ ಕೆಲವು ನೂರು ಫೋಟೊ ಕೊಟ್ಟು, ಮಾದರಿಯ ಕೊನೆಯ ಪದರಕ್ಕಷ್ಟೇ (ವರ್ಗಗಳಿಗೆ ಅಂಕ ಕೊಡುವ ಹಂತ) ಮತ್ತೆ ತರಬೇತಿ ಕೊಟ್ಟರೆ ಬಹಳಷ್ಟು ಸಲ ಸಾಕಾಗುತ್ತದೆ. ಆದರೆ ಫೋಟೊಗಳೆಲ್ಲ ಮದುವೆ ಮಂಟಪದವೇ ಆಗಿದ್ದರೆ, ಅದು ಸೀರೆಯನ್ನು ಬಿಟ್ಟು ಹಿಂದಿನ ಹೂವಿನ ಅಲಂಕಾರವನ್ನೇ ಕಲಿತುಬಿಡಬಹುದು. ಆಮೇಲೆ ಅದೇ ಮಂಟಪದಲ್ಲಿ ಪಂಚೆ ಉಟ್ಟು ನಿಂತ ವರನೂ ಅದಕ್ಕೆ ಸೀರೆಯೇ.