20 ಆದ್ರೂ ಇನ್ನೂ ಫಸ್ಟ್ ಇಯರ್ರಾ? ಐಸ್ ಹಾಕಿ ಹುಡುಗನ ಬಗ್ಗೆ ಅತ್ತೆಯ ಪ್ರಶ್ನೆ

ಪ್ರಶ್ನೆ: ನಮ್ಮಣ್ಣನ ಮಗ ಹುಟ್ಟಿ ಬೆಳೆದಿದ್ದೆಲ್ಲ ಅಮೆರಿಕದ ಮಿನ್ನೆಸೋಟದಲ್ಲಿ. ಈಗ ಕಾಲೇಜ್ ಟೀಮಲ್ಲಿ ಐಸ್ ಹಾಕಿ ಆಡ್ತಾನೆ, ಡಿವಿಷನ್ ಒನ್ ಅಂತೆ, ಅಂದ್ರೆ ಅಲ್ಲಿನ ಕಾಲೇಜ್ ಆಟದಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ. ವಯಸ್ಸು 20 ಆಯ್ತು, ಇನ್ನೂ ಫಸ್ಟ್ ಇಯರ್. ಎನ್‌ಎಚ್‌ಎಲ್ ಅನ್ನೋ ಅಲ್ಲಿನ ದೊಡ್ಡ ಪ್ರೊಫೆಷನಲ್ ಲೀಗಿನ ಟೀಮುಗಳು ಹೊಸ ಹುಡುಗರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲೂ ಯಾರೂ ತಗೊಂಡಿಲ್ಲ. ಹುಡುಗ ಎಲ್ಲೋ ಫೇಲಾಗಿದಾನೆ, ನಮ್ಮ ಹತ್ರ ಮುಚ್ಚಿಡ್ತಿದಾರೆ ಅಂತ ನಮ್ಮಮ್ಮಂಗೆ ಒಂದೇ ಚಿಂತೆ. ಈ ಆಟದಲ್ಲಿ ಹಲ್ಲು ಬೇರೆ ಉದುರತ್ತಂತೆ. ಇದ್ರಿಂದ ಅವನಿಗೆ ಮುಂದೆ ಏನಾದ್ರೂ ದಾರಿ ಇದೆಯಾ?
— ಓದುಗರು, ಬಸವನಗುಡಿ

ಉತ್ತರ: ಮೊದಲು ಅಜ್ಜಿಗೆ ಧೈರ್ಯ ಹೇಳಿ, 20 ವರ್ಷಕ್ಕೆ ಫಸ್ಟ್ ಇಯರ್ ಅಂದ್ರೆ ಈ ಆಟದಲ್ಲಿ ಫೇಲ್ ಅಂತಲ್ಲ. ಅಲ್ಲಿ ಹೈಸ್ಕೂಲ್ ಮುಗಿಸಿದ ತಕ್ಷಣ ಯಾರೋ ಕೆಲವರು ಮಾತ್ರ ನೇರ ಕಾಲೇಜ್ ಟೀಮಿಗೆ ಹೋಗ್ತಾರೆ, ಉಳಿದೋರು ಒಂದೆರಡು ವರ್ಷ ಯುಎಸ್‌ಎಚ್‌ಎಲ್ ಥರದ ಜೂನಿಯರ್ ಲೀಗಲ್ಲಿ ಆಡ್ತಾರೆ, ಗೊತ್ತಿಲ್ದೆ ಇರೋ ಊರಲ್ಲಿ ಯಾರದ್ದೋ ಮನೇಲಿ ಮನೆಮಗನ ಥರ ಇದ್ಕೊಂಡು. ಮೈ ಗಟ್ಟಿಯಾಗಿ, ಕೋಚ್‌ಗಳ ಕಣ್ಣಿಗೆ ಬಿದ್ದ ಮೇಲೇನೇ ಕಾಲೇಜ್ ಸೀಟು. ಗಂಡು ಮಕ್ಕಳ ಡಿವಿಷನ್ ಒನ್ ಐಸ್ ಹಾಕಿ ಟೀಮ್ ಇರೋದು ಇಡೀ ದೇಶದಲ್ಲಿ 60 ಚಿಲ್ಲರೆ ಕಾಲೇಜಲ್ಲಿ ಅಷ್ಟೇ, ಅದೂ ಅಲ್ದೆ ಕೆನಡಾದ ಮೇಜರ್ ಜೂನಿಯರ್ ಲೀಗಲ್ಲಿ ಆಡಿದೋರನ್ನ ಮೊದಲು ಪ್ರೊಫೆಷನಲ್ ಅಂತ ಲೆಕ್ಕ ಹಾಕಿ ಸೇರಿಸ್ಕೊತಾ ಇರಲಿಲ್ಲ, 2025ರ ಆಗಸ್ಟಿಂದ ಅವರಿಗೂ ಬಾಗಿಲು ತೆಗೆದಿದಾರೆ. ಅಂಥ ಕಡೆ ಜಾಗ ಸಿಕ್ಕಿದೆ ಅಂದ್ರೆ ನಿಮ್ಮ ಹುಡುಗ ಚೆನ್ನಾಗೇ ಆಡ್ತಾನೆ.

ಹಲ್ಲಿನ ಭಯಾನೂ ಸ್ವಲ್ಪ ಕಮ್ಮಿ ಮಾಡ್ಕೊಳಿ. ಟಿವೀಲಿ ನೋಡೋ ಎನ್‌ಎಚ್‌ಎಲ್ ಆಟಗಾರರಿಗೆ ಅರ್ಧ ಮುಖ ಮುಚ್ಚೋ ವೈಸರ್ ಇರತ್ತೆ, ಆದ್ರೆ ಕಾಲೇಜಲ್ಲಿ ಗಲ್ಲದ ತನಕ ಪೂರ್ತಿ ಮುಖ ಮುಚ್ಚೋ ತಂತಿಬಲೆ ಇಲ್ಲಾ ಪಾರದರ್ಶಕ ಶೀಲ್ಡ್ ಹಾಕ್ಲೇಬೇಕು. ಕೈ ಕೈ ಮಿಲಾಯಿಸಿದ್ರೆ ಆ ಮ್ಯಾಚಿಂದ ಆಚೆ, ಮುಂದಿನ ಮ್ಯಾಚೂ ಹೋಯ್ತು. ಏಟೇ ಬೀಳಲ್ಲ ಅಂತ ನಾನು ಹೇಳಲ್ಲ, ತಲೆಗೆ ಪೆಟ್ಟು, ಮಂಡಿ ನೋವು ಎಲ್ಲಾ ಆಗತ್ತೆ.

ಇನ್ನು ಡ್ರಾಫ್ಟ್. 18ರಿಂದ 20 ವರ್ಷದ ಒಳಗೆ ಯಾವ ಟೀಮೂ ತಗೊಳ್ಲಿಲ್ಲ ಅಂದ್ರೆ ಅಲ್ಲಿನ ಹುಡುಗ ಫ್ರೀ ಏಜೆಂಟ್ ಆಗ್ತಾನೆ, ಅಂದ್ರೆ ನಾಳೆ ಕಾಲೇಜಲ್ಲಿ ಒಳ್ಳೆ ಸೀಸನ್ ಆಡಿದ್ರೆ ಯಾವ ಟೀಮ್ ಬೇಕಾದ್ರೂ ಕರೀಬಹುದು, ಎಲ್ಲಿಗೆ ಹೋಗೋದು ಅನ್ನೋದು ಅವನಿಷ್ಟ. ಮಾರ್ಟಿನ್ ಸೇಂಟ್ ಲೂಯಿ ಅಂತ ಒಬ್ಬರು ವರ್ಮಾಂಟ್ ಯೂನಿವರ್ಸಿಟೀಲಿ ನಾಲ್ಕು ವರ್ಷ ಆಡಿದ್ರು. ಕುಳ್ಳ ಅಂತ ಯಾರೂ ಡ್ರಾಫ್ಟ್ ಮಾಡಿರಲಿಲ್ಲ. ಅದೇ ಮನುಷ್ಯ 2004ರಲ್ಲಿ ಟ್ಯಾಂಪಾ ಬೇ ಟೀಮಲ್ಲಿ ಸ್ಟಾನ್ಲಿ ಕಪ್, ಅಂದ್ರೆ ಎನ್‌ಎಚ್‌ಎಲ್ ಚಾಂಪಿಯನ್ ಟ್ರೋಫಿ ಗೆದ್ದು, ಅದೇ ವರ್ಷ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸ್ಕೊಂಡ್ರು.

ಆದ್ರೆ ಎಲ್ರಿಗೂ ಹಂಗಾಗಲ್ಲ ಮೇಡಂ. ಬಹಳಷ್ಟು ಜನ ಎಎಚ್‌ಎಲ್, ಇಸಿಎಚ್‌ಎಲ್ ಅನ್ನೋ ಕೆಳಗಿನ ಲೀಗಲ್ಲಿ, ಇಲ್ಲಾ ಯೂರೋಪಲ್ಲಿ ಕೆಲವು ವರ್ಷ ಆಡಿ ನಿಲ್ಲಿಸ್ತಾರೆ. ಅದಕ್ಕೇ ಡಿಗ್ರಿ ಮುಗಿಸೋದು ಮುಖ್ಯ ಅಂತ ನಾನು ಒತ್ತಿ ಹೇಳೋದು. ಒಂದ್ಸಲ ಪ್ರೊಫೆಷನಲ್ ಕಾಂಟ್ರಾಕ್ಟಿಗೆ ಸೈನ್ ಹಾಕಿದ್ರೆ ಮತ್ತೆ ಕಾಲೇಜ್ ಟೀಮಿಗೆ ವಾಪಸ್ ಬರೋಕಾಗಲ್ಲ, ಹಂಗಾಗಿ ಎರಡನೇ ವರ್ಷಕ್ಕೇ ಯಾರೋ ಕರೆದ್ರು ಅಂತ ಓದು ಬಿಟ್ಟು ಹೋಗೋ ಮುಂಚೆ ಮನೇಲಿ ಕೂತು ಮಾತಾಡ್ಬೇಕು. ಕೆನ್ ಡ್ರೈಡನ್ ಅನ್ನೋ ಗೋಲ್‌ಕೀಪರ್ ಕಾರ್ನೆಲ್ ಯೂನಿವರ್ಸಿಟೀಲಿ ಡಿಗ್ರಿ ಮುಗಿಸಿ ಆಮೇಲೆ ಮಾಂಟ್ರಿಯಲ್ ಟೀಮಿಗೆ ಹೋಗಿದ್ದು, ಆರು ಸ್ಟಾನ್ಲಿ ಕಪ್ ಗೆದ್ರು, ಆಡ್ತಾ ಆಡ್ತಾನೇ ಲಾ ಮುಗಿಸಿದ್ರು, ಮುಂದೆ ಕೆನಡಾದಲ್ಲಿ ಮಂತ್ರೀನೂ ಆದ್ರು. ನಿಮ್ಮ ಹುಡುಗನಿಗೆ ಫೋನ್ ಮಾಡಿದಾಗ ಎನ್‌ಎಚ್‌ಎಲ್ ಯಾವಾಗ ಅಂತ ಕೇಳ್ಬೇಡಿ. ಮೇಜರ್, ಅಂದ್ರೆ ಡಿಗ್ರಿಯ ಮುಖ್ಯ ವಿಷಯ, ಏನು ತಗೊಂಡಿದಾನೆ, ಸ್ಕಾಲರ್‌ಶಿಪ್ ಪೂರ್ತಿನಾ ಅರ್ಧನಾ, ಅದು ಕೇಳಿ. ವಾರವೆಲ್ಲ ಪ್ರಾಕ್ಟೀಸು, ಶುಕ್ರವಾರ ಶನಿವಾರ ಮ್ಯಾಚು, ಬೇರೆ ಊರಲ್ಲಿದ್ರೆ ಗುರುವಾರವೇ ಬಸ್ಸು, ಅಸೈನ್‌ಮೆಂಟೂ ಬಸ್ಸಲ್ಲೇ. ಅಷ್ಟು ಕಷ್ಟ ಪಡೋ ಮಗುವಿಗೆ ಓದು ಹೇಗಿದೆ ಅಂತ ಕೇಳೋರು ಒಬ್ರಾದ್ರೂ ಬೇಕು.

ಅಂದ ಹಾಗೆ ಅಲ್ಲಿ ಶುಕ್ರವಾರ ರಾತ್ರಿ 7ಕ್ಕೆ ಮ್ಯಾಚ್ ಅಂದ್ರೆ ಚಳಿಗಾಲದಲ್ಲಿ ನಮಗೆ ಶನಿವಾರ ಬೆಳಿಗ್ಗೆ 6:30. ಅಜ್ಜಿ ಕಾಫಿ ಕುಡೀತಾ ಮೊಮ್ಮಗನ ಆಟ ನೋಡ್ಬಹುದು.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ. ಚಿಕ್ಕಂದಿನಿಂದ ಇನ್‌ಲೈನ್ ಸ್ಕೇಟ್ಸ್ ಹಾಕ್ಕೊಂಡು ರೋಲರ್ ಹಾಕಿ ಆಡ್ತೀನಿ. ಅಮೆರಿಕದಲ್ಲಿ ಐಸ್ ಹಾಕಿ ಸ್ಕಾಲರ್‌ಶಿಪ್ ಸಿಗುತ್ತಾ ಸರ್?
— ವಿದ್ಯಾರ್ಥಿನಿ, ರಾಜಾಜಿನಗರ

ಉತ್ತರ: ಡಿವಿಷನ್ ಒನ್ ಸ್ಕಾಲರ್‌ಶಿಪ್ ತುಂಬಾ ಕಷ್ಟ ಪುಟ್ಟಿ, ಸುಳ್ಳು ಆಸೆ ಕೊಡಲ್ಲ. ಅಲ್ಲಿನ ಮಕ್ಕಳು ಐದಾರು ವರ್ಷಕ್ಕೇ ಐಸ್ ಮೇಲೆ ಇರ್ತಾರೆ. ನಿನ್ನ ಬ್ಯಾಲೆನ್ಸು, ಸ್ಟಿಕ್ ಕಂಟ್ರೋಲು ಖಂಡಿತ ಉಪಯೋಗಕ್ಕೆ ಬರತ್ತೆ, ಆದ್ರೆ ನಿಲ್ಲೋದನ್ನ ಹೊಸದಾಗಿ ಕಲೀಬೇಕು. ಐಸ್ ಸ್ಕೇಟಿನ ಬ್ಲೇಡಿಗೆ ಮಧ್ಯ ತೋಡು, ಎರಡೂ ಕಡೆ ಅಂಚು ಇರತ್ತೆ, ಜೋರಾಗಿ ಬರ್ತಾ ಎರಡೂ ಕಾಲು ಅಡ್ಡ ತಿರುಗಿಸಿ ಆ ಅಂಚಲ್ಲಿ ಐಸ್ ಕೆರೆದು ನಿಲ್ತಾರೆ. ಚಕ್ರದ ಮೇಲೆ ಹಾಗೆ ಮಾಡಿದ್ರೆ ಮುಗ್ಗರಿಸ್ತೀಯ. ಅಮೆರಿಕಕ್ಕೆ ಓದೋಕೆ ಅಂತಾನೇ ಹೋದ್ರೆ ತುಂಬಾ ಯೂನಿವರ್ಸಿಟಿಗಳಲ್ಲಿ ಕ್ಲಬ್ ಟೀಮ್ ಇರತ್ತೆ, ದುಡ್ಡು ನಾವೇ ಕಟ್ಬೇಕು ಆದ್ರೆ ಆಟ ಸೀರಿಯಸ್ಸಾಗೇ ನಡಿಯತ್ತೆ. ಅದಕ್ಕಿಂತ ಮೊದಲು ಲಡಾಖ್ ಕಡೆ ನೋಡು. ನಮ್ಮ ದೇಶದ ಹುಡುಗೀರ ಟೀಮ್ 2025ರಲ್ಲಿ ಏಷ್ಯಾ ಕಪ್ಪಲ್ಲಿ ಕಂಚು ಗೆದ್ದಿದೆ, ಅವರಲ್ಲಿ ಬಹುತೇಕರು ಲಡಾಖ್‌ನೋರೇ. ಚಳಿಗಾಲದಲ್ಲಿ ಲೇಹ್‌ನಲ್ಲಿ ಕ್ಯಾಂಪ್ ನಡೀತಿರತ್ತೆ, ಪಿಯು ಪರೀಕ್ಷೆ ಮುಗಿಸ್ಕೊಂಡು ಮುಂದಿನ ಡಿಸೆಂಬರಿಗೆ ಹೋಗೋಕಾಗತ್ತಾ ಅಂತ ಕೋಚ್ ಹತ್ರ ಈಗಲೇ ವಿಚಾರಿಸು.